ನಾಲ್ಕು ಕೈಯ ಗಂಟು

ಸೊಂಟದ ದಾರಕ್ಕೆ ಕಿವಿ ಬಂದರೆ ಏನಾದೀತು? ಇದನ್ನು ಮೊದಲು ಕೇಳಿದವಳು ಬಳೆಗಾರರ ಮನೆಯ ಮಗಳು. ಆದೀತೋ ಇಲ್ಲವೋ ಎಂದು ಹೆಣೆದು ನೋಡಿದವನು ಪಟಗಾರರ ಮುದಕಪ್ಪ. ಇನ್ನೂ ಬಾರದ ಒಂದು ಕಾಲದಲ್ಲಿ, ಇವತ್ತಿಗೂ ಇರುವ ಗುಳೇದಗುಡ್ಡದಲ್ಲಿ ನಡೆದ ಸಂಗತಿ ಇದು. ಹಾಗೆಂದು ಇದು ಅವರಿಬ್ಬರದೇ ಕತೆಯಲ್ಲ. ಮುದಕಪ್ಪನ ಹೆಂಡತಿ ಹುಲಿಗೆವ್ವ ಕೈ ಹಾಕುವ ತನಕ ಇದರ ಗಂಟು ಬಿಚ್ಚಲೇ ಇಲ್ಲ.

ಮುದಕಪ್ಪನಿಗೆ ಹೆಸರು ಬೇಗ ಬಂದಿತ್ತು, ವಯಸ್ಸು ಇನ್ನೂ ಬಂದಿರಲಿಲ್ಲ. ಐವತ್ತೊಂದು. ಅಜ್ಜನ ಹೆಸರು ಮೊಮ್ಮಗನಿಗೆ ಇಟ್ಟಿದ್ದರಿಂದ ತೊಟ್ಟಿಲಲ್ಲೇ ಮುದುಕನಾದವನು. ದಾರ ಹೆಣೆಯುವುದು ಮನೆತನದ ಕೆಲಸ. ತಾಳಿ ಪೋಣಿಸುವುದು, ಎತ್ತಿನ ಕೊರಳಿಗೆ ಗೊಂಡೆ ಕಟ್ಟುವುದು, ಹುಟ್ಟಿದ ಕೂಸಿನಿಂದ ಹಣ್ಣುಹಣ್ಣು ಮುದುಕರ ತನಕ ಗಂಡಸರ ಸೊಂಟಕ್ಕೆ ಉಡಿದಾರ ಹೆಣೆಯುವುದು. ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ದಾರದ ತುದಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ದವಡೆಯಲ್ಲಿ ತಂಬಾಕು ಇಟ್ಟುಕೊಂಡು ಹೆಣೆಯಲು ಶುರುಮಾಡಿದರೆ ಬೆರಳುಗಳು ಜಪಮಣಿ ಎಣಿಸಿದ ಹಾಗೆ ತಮ್ಮಷ್ಟಕ್ಕೆ ತಾವೇ ನಡೆಯುತ್ತಿದ್ದವು. ಪ್ರತಿ ದಾರದ ಮೊದಲ ಎಳೆ ಹಿಡಿಯುವಾಗ ಒಮ್ಮೆ ‘ಶಿವಾ’ ಅನ್ನುತ್ತಿದ್ದ, ಕೊನೆಯ ಗಂಟಿಗೆ ಇನ್ನೊಮ್ಮೆ. ನಡುವೆ ಏನೂ ಅನ್ನುತ್ತಿರಲಿಲ್ಲ.

ಅಂಥ ಕಟ್ಟೆಗೆ ಒಂದು ದಿನ ಡಾಕ್ಟರ್ ನಸೀಮಾ ಬಳಿಗಾರ ಬಂದಳು. ಬಾಗಲಕೋಟೆಯ ಹೊರಗೆ, ಹೊಸ ಸಂಶೋಧನಾ ಕೇಂದ್ರದಲ್ಲಿ ಅವಳ ಪ್ರಯೋಗಶಾಲೆ. ಅವಳ ಅಪ್ಪ ಇದೇ ಓಣಿಗೆ ಬಳೆ ಹೊತ್ತು ತರುತ್ತಿದ್ದವನು.

“ಮುದಕಪ್ಪಣ್ಣಾ, ನಮ್ಮ ಯಂತ್ರ ಹೆಣದ ದಾರ ಎಂಟು ದಿನಕ್ಕ ಹರೀತೈತಿ. ಇಲ್ಲಂದ್ರ ಚರ್ಮ ಕೆರೀತೈತಿ. ನೀವು ಹೆಣದದ್ದು ವರ್ಷಗಟ್ಲೆ ಬಾಳತೈತಿ. ಅದೇನು ಗುಟ್ಟು?”

“ಗುಟ್ಟೇನಿಲ್ಲವ್ವಾ. ದಾರ ಬಿಗೀಬಾರದು. ಉಸಿರು ತಗೊಂಡಾಗ ಹೊಟ್ಟಿ ಉಬ್ಬತೈತಿ, ಅದಕ್ಕ ಜಾಗ ಬಿಡಬೇಕು. ನಿನ್ನ ಯಂತ್ರಕ್ಕ ಹೊಟ್ಟಿ ಇಲ್ಲ, ಅದಕ್ಕೇನು ಗೊತ್ತಾಗಬೇಕು?”

ನಸೀಮಾ ನಕ್ಕು, ಚೀಲದಿಂದ ಮೂರು ಬಗೆಯ ಎಳೆ ತೆಗೆದು ಅವನ ಅಂಗೈಗಿಟ್ಟಳು. ಒಂದು ಎಳೆ ಜಗ್ಗಿದಾಗಲೆಲ್ಲ ಹುಡಿಯಷ್ಟು ವಿದ್ಯುತ್ತು ಹುಟ್ಟಿಸುತ್ತದೆ. ಹೊಟ್ಟೆಯ ಕೆಳಗೆ ಹರಿಯುವ ರಕ್ತದ ಒಂದೊಂದು ಬಡಿತಕ್ಕೂ ಅದು ಮಿಡಿಯುತ್ತದೆ. ಎರಡನೆಯದು ಆ ಮಿಡಿತವನ್ನೆಲ್ಲ ನೆನಪಿಟ್ಟುಕೊಳ್ಳುತ್ತದೆ. ತಿಂಗಳಿಗೊಮ್ಮೆ ಪ್ರಯೋಗಶಾಲೆಗೆ ಒಯ್ದರೆ ಓದಬಹುದು. ಮೂರನೆಯದಕ್ಕೆ ಬಣ್ಣ ಬದಲಿಸುವ ಗುಣ. ರಕ್ತ ಚೆನ್ನಾಗಿ ಹರಿದರೆ ತುಳಸಿಯಂತೆ ಹಸಿರಾಗಿರುತ್ತದೆ, ಹರಿವು ಕಡಿಮೆಯಾದರೆ—

“ಕೆಂಪು ಮಾಡೂಣಂತ ಮಾಡೀವಿ. ಅಪಾಯ ಅಂತ.”

“ಬ್ಯಾಡ ಬ್ಯಾಡ. ಕೆಂಪಂದ್ರ ಕುಂಕುಮ. ಮಂದಿ ಒಳ್ಳೇದಾತು ಅಂತ ಸಕ್ಕರಿ ಹಂಚತಾರ. ಬೂದಿ ಬಣ್ಣ ಮಾಡು. ಬೂದಿ ಕಂಡ್ರ ನಮ್ಮವರು ಸ್ವಲ್ಪ ನಿಂತು ವಿಚಾರ ಮಾಡತಾರ.”

ಹಾಗೆ ಬೂದಿ ಬಣ್ಣ ಗೊತ್ತಾಯಿತು. ಬಣ್ಣದ ಎಳೆ ಯಾರ ಕಣ್ಣಿಗೂ ಬೀಳದಂತೆ ಗಂಟಿನ ಒಳಗೆ ಅಡಗಿಸುವ ಉಪಾಯವೂ ಮುದಕಪ್ಪನದೇ. ಗಂಟು ಬಿಚ್ಚಿದವನಿಗಷ್ಟೇ ಕಾಣಬೇಕು. ದಾರಕ್ಕೆ ‘ನಾಡಿದಾರ’ ಎಂದು ಹೆಸರಿಟ್ಟರು.

“ಇಷ್ಟೆಲ್ಲ ಎದಕವ್ವಾ? ಎದಿ ನೋಡೂದಿದ್ರ ಎದಿಗೇ ಕಟ್ಟಬೇಕಲ್ಲ?” ಎಂದು ಒಂದು ದಿನ ಅವನು ಕೇಳಿದ.

ನಸೀಮಾ ಅಣ್ಣನಿಗೆ ಹೇಳುವ ಹಾಗೆ ಹೇಳಿದಳು. “ನಿಮ್ಮ ಓಣಿಗೆ ನಳದ ನೀರು ಬರತೈತಲ್ಲ, ಪೈಪಿನ್ಯಾಗ ಕಸ ಕಟ್ಟಾಕ ಶುರು ಆದ್ರ ಮೊದಲ ಯಾರ ಮನಿ ನಳ ಬಂದ್ ಆಗತೈತಿ?”

“ಕಡೀ ಮನೀದು. ಅಲ್ಲಿ ಪೈಪ್ ಸಣ್ಣದು.”

“ಹಂಗ. ಗಂಡಸರ ಮೈಯಾಗ ಕಡೀ ಮನಿ ಅಂದ್ರ ಸೊಂಟದ ಕೆಳಗಿನ ಜಾಗ. ಅಲ್ಲಿನ ರಕ್ತನಾಳ ಎದಿಯ ರಕ್ತನಾಳಕ್ಕಿಂತ ಸಣ್ಣದು. ಆರೋಗ್ಯವಂತರಿಗೆ ನಿದ್ದಿಯೊಳಗ ನಾಲ್ಕೈದು ಸಲ ಅಲ್ಲಿಗೆ ತಾನೇ ರಕ್ತ ನುಗ್ಗತೈತಿ. ಅದು ನಿಂತ್ರ ಗಂಡಸರು ನಾಚಿಗಿಗೆ ಯಾರಿಗೂ ಹೇಳೂದಿಲ್ಲ. ಮೂರೋ ನಾಲ್ಕೋ ವರ್ಷ ಕಳದು ಎದಿ ಹಿಡಕೊಂಡು ಬೀಳತಾರ. ನಮ್ಮಪ್ಪ ಹಂಗ ಬಿದ್ರು. ಬಳಿ ಪೆಟ್ಟಿಗಿ ತಲಿ ಮ್ಯಾಲ ಇತ್ತು.” ಆಮೇಲೆ ಸೇರಿಸಿದಳು: “ಎಲ್ಲಾರಿಗೂ ಕಾರಣ ಅದೇ ಇರೂದಿಲ್ಲ. ಚಿಂತಿ ಇರಬಹುದು, ಸಕ್ಕರಿ ಕಾಯಿಲಿ ಇರಬಹುದು, ಯಾವುದೋ ಗುಳಿಗಿ ಇರಬಹುದು. ಆದ್ರ ಕೇಳಬೇಕಲ್ಲ. ಕೇಳದನ ಹೆಂಗ ಗೊತ್ತಾಗತೈತಿ?”

ಮುದಕಪ್ಪ ಹೆಬ್ಬೆರಳಿನ ದಾರದ ಮೇಲೆ ಕಣ್ಣು ನೆಟ್ಟು ‘ಹೌದು’ ಅಂದ. ಒಂದೂವರೆ ವರ್ಷದಿಂದ ಅವನ ಮನೆಯ ಕಡೆಯ ನಳವೂ ಬಂದಾಗಿತ್ತು. ಅದು ಶಿವನಿಗೆ ಗೊತ್ತಿತ್ತು, ಅವನಿಗೆ ಗೊತ್ತಿತ್ತು. ಹುಲಿಗೆವ್ವನಿಗೆ ಎಷ್ಟು ಗೊತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ. ಮೊದಮೊದಲು ದಣಿವು ಅಂದ. ಆಮೇಲೆ ಬೆನ್ನು ನೋವು ಅಂದ. ಆಮೇಲೆ ಏನೂ ಅನ್ನದೆ ಗೋಡೆಯ ಕಡೆ ಹೊರಳಿ ಮಲಗುವುದನ್ನು ರೂಢಿ ಮಾಡಿಕೊಂಡ. ನಸೀಮಾ ಹೇಳಿದ ಎದೆಯ ಮಾತು ಅವನ ಕಿವಿಗೆ ಬೀಳಲಿಲ್ಲ, ಸೊಂಟದ ಮಾತು ಮಾತ್ರ ಬಿತ್ತು. ಗುಡ್ಡದ ಗುಡಿಗೆ ಹತ್ತುವಾಗ ಈಚೆಗೆ ನಡುನಡುವೆ ಮೆಟ್ಟಿಲ ಮೇಲೆ ಮೂರು ಸಲ ಕೂರಬೇಕಾಗುತ್ತಿತ್ತು. ಅದಕ್ಕೆ ಬಿಸಿಲು ಕಾರಣ ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಪ್ರಯೋಗಕ್ಕೆ ಊರಿನ ಇಪ್ಪತ್ತು ಜನ ಬೇಕಿತ್ತು. ಹತ್ತೊಂಬತ್ತು ಜನರನ್ನು ಒಪ್ಪಿಸಿದವನೇ ಮುದಕಪ್ಪ. “ಏನಿಲ್ಲಲೇ, ಉಡಿದಾರ ಕಟ್ಟಿಕೊಳ್ಳೂದು, ತಿಂಗಳಿಗೊಮ್ಮೆ ಬಿಚ್ಚಿ ಕೊಡೂದು. ಅಂಜತೀರೇನು?” ಎಂದು ಎಲ್ಲರನ್ನೂ ಕೆಣಕಿದ. ಕೊನೆಗೆ, “ಇಪ್ಪತ್ತನೇದಾವ ನೀನ ಆಗು” ಎಂದು ಅವರೇ ಹಳೆಯ ಉಡಿದಾರ ಬಿಚ್ಚಿಸಿ ಇದನ್ನು ಅವನ ಸೊಂಟಕ್ಕೆ ಕಟ್ಟಿಬಿಟ್ಟರು.

ಎಂಟು ದಿನ ಕಳೆದ ಮೇಲೆ ಬಚ್ಚಲ ಬಾಗಿಲು ಹಾಕಿಕೊಂಡು ಗಂಟು ಬಿಚ್ಚಿ ನೋಡಿದ. ತುಳಸಿಯ ಬಣ್ಣ ಇರಲಿಲ್ಲ. ಒಲೆಯೊಳಗಿನ ಬೂದಿಯ ಬಣ್ಣ, ತಾನೇ ಆರಿಸಿ ಕೊಟ್ಟ ಬಣ್ಣ, ಅವನನ್ನೇ ನೋಡುತ್ತಿತ್ತು.

ಇನ್ನು ಮೂರು ವಾರಕ್ಕೆ ಈ ದಾರ ನಸೀಮಾಳ ಮೇಜಿನ ಮೇಲೆ ಇರುತ್ತದೆ. ಮಗಳ ವಯಸ್ಸಿನವಳು ಓದುತ್ತಾಳೆ. ಓಣಿಯ ಹತ್ತೊಂಬತ್ತು ಜನರಿಗೆ ಯಾರಾದರೂ ಹೇಳದೆ ಇರುತ್ತಾರೆಯೇ? ಹೆಸರಿನ ಜೊತೆಗೆ ಹಾಸ್ಯ ಸೇರಲು ಎಷ್ಟು ಹೊತ್ತು? ಬಿಚ್ಚಿಟ್ಟು ಸುಮ್ಮನಿರೋಣವೆಂದರೆ, ಯಾರೂ ಕಟ್ಟಿಕೊಳ್ಳದ ದಾರವೂ ಬೂದಿಯೇ ಆಗುತ್ತದೆ. ಹಸಿರಾಗಬೇಕಾದರೆ ರಕ್ತ ಇರುವ, ಉಸಿರಾಡುವ ಏನಾದರೂ ಬೇಕು.

ಪಕ್ಕದ ಮನೆಯ ದ್ಯಾಮಣ್ಣನ ದನ ಕಟ್ಟುವ ಹಕ್ಕೆಯಲ್ಲಿ ಒಂದು ಹರೆಯದ ಹೋರಿ ಇತ್ತು.

ಇಂಥ ಬುದ್ಧಿ ಉಡಿದಾರ ಹೆಣೆಯುವವನಿಗೆ ಬಿಟ್ಟರೆ ಬೇರೆ ಯಾರಿಗೂ ಹೊಳೆಯಲಾರದು. ಎತ್ತಿನ ಕೊರಳಿಗೆ ದಾರ ಕಟ್ಟುವುದೂ ಅವನ ಕಸುಬೇ ಅಲ್ಲವೇ? ಸಂಜೆ ಹೋಗಿ, “ದ್ಯಾಮಣ್ಣಾ, ನಿನ್ನ ಹೋರಿಗೆ ದೃಷ್ಟಿ ಬಾಳ ಆಗೈತಿ. ಮಂತ್ರಿಸಿದ ದಾರ ಐತಿ, ಕಟ್ಟತೀನಿ” ಅಂದ. ದ್ಯಾಮಣ್ಣ ಕೈಮುಗಿದ. ಬೆಳಿಗ್ಗೆ ಕೋಳಿ ಕೂಗುವ ಹೊತ್ತಿಗೆ ಹೋಗಿ ಬಿಚ್ಚಿಕೊಂಡು ಬಂದು ಸೊಂಟಕ್ಕೆ ಕಟ್ಟಿಕೊಂಡ. ಮರುದಿನವೂ ಹಾಗೇ.

“ಅಲ್ಲೋ ಮುದಕಪ್ಪ, ದೃಷ್ಟಿ ಆಗೂದು ಹಗಲ ಹೊತ್ತು. ನೀ ಹಗಲ ಹೊತ್ತು ಬಿಚ್ಚಿ ಒಯ್ತಿ. ಕತ್ತಲದಾಗ ನನ್ನ ಹೋರಿನ್ನ ಯಾರು ನೋಡತಾರ?”

“ಮಂತ್ರದ ವಿಚಾರ ಕೇಳಬಾರದು ದ್ಯಾಮಣ್ಣಾ, ಶಕ್ತಿ ಹೋಗತೈತಿ” ಎಂದ ಮುದಕಪ್ಪ. ಜೀವನದಲ್ಲಿ ಸುಳ್ಳು ಹೇಳಿದ್ದು ಕಡಿಮೆ. ಹಾಗಾಗಿ ಪೂಜೆಗೆ ಕೂತಾಗ ಲಿಂಗದ ಮುಖ ನೋಡಲು ಆಗಲಿಲ್ಲ. ಮೂರನೆಯ ವಾರಕ್ಕೆ ಗಂಟಿನೊಳಗಿನ ಎಳೆ ಶ್ರಾವಣದ ಹುಲ್ಲಿನಂತೆ ಹಸಿರಾಗಿತ್ತು.

ಹುಲಿಗೆವ್ವ ಶನಿವಾರಕ್ಕೊಮ್ಮೆ ಗಂಡನಿಗೆ ಎಣ್ಣೆ ಹಚ್ಚಿ ತಲೆಗೆ ನೀರು ಹಾಕುವುದು ಮೂವತ್ತು ವರ್ಷದ ರೂಢಿ. ಆ ಶನಿವಾರ ಕೋಳಿ ಕೂಗುವ ಹೊತ್ತಿಗೆ ಮುದಕಪ್ಪ ಹಕ್ಕೆಗೆ ಹೋದರೆ ಹೋರಿಯೇ ಇಲ್ಲ. ಲಾಳ ಕಟ್ಟಿಸಲು ದ್ಯಾಮಣ್ಣ ಅದನ್ನು ನಸುಕಿನಲ್ಲೇ ಹೊಡೆದುಕೊಂಡು ಹೋಗಿದ್ದ. ಮುದಕಪ್ಪ ಓಣಿಯ ತುದಿಯ ತನಕ ಓಡಿ, ಎದೆ ಹಿಡಿದುಕೊಂಡು ನಿಂತು, ಏದುಸಿರು ಬಿಡುತ್ತ ಮನೆಗೆ ಬಂದ. ಬಚ್ಚಲಲ್ಲಿ ನೀರು ಕಾದಿತ್ತು.

“ಬರ್ರಿ, ಆರತೈತಿ.”

“ಇವತ್ತು ಬ್ಯಾಡ. ನೆಗಡಿ ಆಗೈತಿ.”

“ನೆಗಡಿಗೆ ಬಿಸಿನೀರ ಛಲೋ. ಬರ್ರಿ ಅಂದ್ರ.”

ಎಣ್ಣೆ ಹಚ್ಚುತ್ತ ಅವಳ ಕೈ ಬೆನ್ನಿನಿಂದ ಕೆಳಗೆ ಇಳಿಯಿತು, ಸೊಂಟದಲ್ಲಿ ನಿಂತಿತು. ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಐವತ್ತು ವರ್ಷ ದಾರ ಕೂತ ಗೆರೆಯೊಂದು ಬಿಳಿಚಿಕೊಂಡು ಉಳಿದಿತ್ತು.

ಮುದಕಪ್ಪನಿಗೆ ನೆನಪಾದದ್ದು ಆಗ. ಮೂರು ವಾರ ಹೋರಿ, ಹಸಿರು, ನಸೀಮಾ, ಓಣಿಯ ನಗೆ ಇಷ್ಟನ್ನೇ ಲೆಕ್ಕ ಹಾಕಿದವನಿಗೆ ಇದೊಂದು ಹೊಳೆದಿರಲಿಲ್ಲ. ಅವರ ಕುಲದಲ್ಲಿ ಗಂಡಸು ಉಡಿದಾರವಿಲ್ಲದೆ ಇರುವುದು ಒಂದೇ ಸಂದರ್ಭದಲ್ಲಿ. ಹೆಂಡತಿ ತೀರಿಕೊಂಡ ದಿನ, ಅವಳ ಕಾಲ ಬಳಿ ಗಂಡನ ಉಡಿದಾರ ಹರಿಯುತ್ತಾರೆ. ಅವನೇ ಎಷ್ಟೋ ಮನೆಗಳಿಗೆ ಹೋಗಿ, ತಾನು ಹೆಣೆದ ದಾರವನ್ನು ತಾನೇ ಹರಿದು ಬಂದಿದ್ದ.

ಎಣ್ಣೆಯ ಬಟ್ಟಲು ಕೆಳಗಿಟ್ಟ ಸದ್ದಾಯಿತು.

“ನಾ ಇನ್ನೂ ಇದ್ದೀನಲ್ರೀ,” ಅಂದಳು ಹುಲಿಗೆವ್ವ. ದನಿ ಸಣ್ಣದಿತ್ತು. “ನಿಮ್ಮ ಹಿಂದ ನಿಂತೀನಿ. ಎಣ್ಣಿ ಹಚ್ಚಾಕತ್ತೀನಿ.”

“ಹಂಗಲ್ಲ ಹುಲಿಗೀ—”

“ಗೊತ್ತಿತ್ತು ನನಗ. ಗರ್ಭಚೀಲ ತಗಿಸಿಕೊಂಡು ಬಂದ ಮ್ಯಾಲ ನೀವು ಗೋಡಿ ಕಡೆ ಹೊಳ್ಳಿದ್ರಿ. ಒಳಗ ಏನೂ ಉಳೀಲಿಲ್ಲ, ಇನ್ನ ಇಕಿ ಹೆಂಗಸಲ್ಲ ಅಂತ ತಿಳಕೊಂಡ್ರಿ. ಇರಲಿ ಅಂತ ಸುಮ್ನಿದ್ದೆ. ಈಗ ದಾರನೂ ಹರಕೊಂಡ್ರಿ. ಇನ್ನ ಮಣ್ಣು ಹಾಕೂದೊಂದ ಬಾಕಿ.”

ಮುದಕಪ್ಪ ತಿರುಗಿ ನೋಡಿದ. ಅವಳ ಎರಡೂ ಕೈಯಲ್ಲಿ ಎಣ್ಣೆ ಇದ್ದುದರಿಂದ ಕಣ್ಣೊರೆಸಿಕೊಳ್ಳಲು ಆಗದೆ, ನೀರು ಹಾಗೇ ಗಲ್ಲದ ಮೇಲೆ ಇಳಿಯುತ್ತಿತ್ತು. ಒಂದೂವರೆ ವರ್ಷ ತಾನು ಮುಚ್ಚಿಟ್ಟದ್ದು ತನ್ನದೊಂದೇ ನೋವು ಎಂದುಕೊಂಡಿದ್ದ. ಅದೇ ಹಾಸಿಗೆಯ ಇನ್ನೊಂದು ಬದಿಯಲ್ಲಿ ಅಷ್ಟೇ ದೊಡ್ಡದು ಇನ್ನೊಂದು ಮಲಗಿತ್ತು.

“ನೀ ಹೆಂಗಸಲ್ಲ ಅಂತ ಅಲ್ಲ,” ಎಂದು ಬಚ್ಚಲ ಕಲ್ಲಿನ ಮೇಲೆ ಕೂತವನು ಹೇಳಿದ. “ನಾ ಗಂಡಸಲ್ಲ ಅಂತ ಅಂಜಿದ್ದೆ. ಆಗೂದಿಲ್ಲ ಹುಲಿಗೀ. ಮನಸ್ಸು ಬರತೈತಿ. ಮೈ ಬರೂದಿಲ್ಲ. ನಿನ್ನ ಮುಂದ ಸೋಲೂದಕ್ಕಿಂತ ಗೋಡಿ ನೋಡಿ ಮಲಗೂದು ಛಲೋ ಅನಿಸ್ತು.”

ಹುಲಿಗೆವ್ವ ಎಣ್ಣೆಯ ಕೈ ತೊಳೆದುಕೊಂಡಳು.

“ಇಷ್ಟೇ ಏನು?” ಅಂದಳು ಅವಳು.

“ಇಷ್ಟೇ ಅಂದ್ರ? ಸಣ್ಣ ಮಾತೇನು?”

“ಸಣ್ಣದಲ್ಲ. ಆದ್ರ ಇದನ್ನ ಹೇಳಾಕ ಒಂದೂವರಿ ವರ್ಷ ಬೇಕಾತೇನ್ರಿ? ನಾ ಮೂವತ್ತು ವರ್ಷ ನಿಮ್ಮ ಬೆನ್ನು ತಿಕ್ಕೀನಿ. ಗೋಡಿ ಏನು ಮಾಡೇತಿ ನಿಮಗ?” ಆಮೇಲೆ, ಮೂಗು ಒರೆಸಿಕೊಂಡು, “ದಾರ ಎಲ್ಲೈತಿ?”

ಮುದಕಪ್ಪ ತಲೆ ತಗ್ಗಿಸಿ ಹೇಳಿದ. “ಲಾಳ ಕಟ್ಟಿಸಿಕೊಳ್ಳಾಕ ಹೋಗೇತಿ.”

ಹೋರಿಯ ಕೊರಳಿಂದ ಬಿಚ್ಚಿ ತಂದ ದಾರ ಹಿಡಿದು ಸೋಮವಾರ ಇಬ್ಬರೂ ಜೊತೆಗೇ ಬಾಗಲಕೋಟೆಗೆ ಹೋದರು. ಪ್ರಯೋಗಶಾಲೆಯ ತಂಪಿನಲ್ಲಿ ಹುಲಿಗೆವ್ವ ಸೆರಗು ಹೊದ್ದು ಕೂತಳು. ನಸೀಮಾ ದಾರವನ್ನು ಒಂದು ಗಾಜಿನ ತಟ್ಟೆಯ ಮೇಲೆ ಹಾಸಿದಳು. ಪರದೆಯ ಮೇಲೆ ಗೆರೆಗಳು ಮೂಡಿದವು. ನೋಡುತ್ತ ನೋಡುತ್ತ ಅವಳ ಹುಬ್ಬು ಗಂಟಾಯಿತು.

“ಮುದಕಪ್ಪಣ್ಣಾ, ಒಂದು ಕೇಳತೀನಿ, ಬ್ಯಾಸರ ಮಾಡಿಕೋಬ್ಯಾಡ್ರಿ. ನೀವು ಮಲಗಿದ ಮ್ಯಾಲ ಏನಾದ್ರೂ ತಿಂತೀರೇನು?”

“ಇಲ್ಲವ್ವಾ.”

“ದಿನಾ ಆರೇಳು ತಾಸು ಜಗಿಯೋ ಗುರುತು ಐತಿ. ನಡುನಡುವೆ ನುಂಗಿದ್ದು ತಿರುಗಿ ಬಾಯಿಗೆ ಬಂದಂಗ—”

ಹುಲಿಗೆವ್ವನ ಸೆರಗಿನೊಳಗಿಂದ ಒಂದು ಸದ್ದು ಬಂತು. ತಡೆದಳು. ಆಗಲಿಲ್ಲ. ಕುರ್ಚಿ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. “ಮೆಲುಕು ಹಾಕತಾರವ್ವಾ ನಮ್ಮ ಮನಿಯವರು! ಒಂದೂವರಿ ವರ್ಷದ ಮಾತು ಹೊಟ್ಟ್ಯಾಗ ಇಟ್ಕೊಂಡು ಮೆಲುಕು ಹಾಕ್ಯಾರ!”

ಸಂಗತಿ ತಿಳಿದು ನಸೀಮಾಳೂ ನಕ್ಕಳು. ಆದರೆ ನಗುತ್ತಲೇ ಮೊದಲ ಎಂಟು ದಿನದ ಗೆರೆಗಳಿಗೆ ಹಿಂತಿರುಗಿದಳು. ಹೋರಿಗಿಂತ ಮುಂಚಿನ, ಮುದಕಪ್ಪನವೇ ಆದ ಗೆರೆಗಳು. ಅವಳ ಮುಖದ ನಗು ನಿಧಾನಕ್ಕೆ ಇಳಿಯಿತು.

“ಗುಡ್ಡ ಹತ್ತಿದಾಗ ಏನಾಗತೈತಿ ಅಣ್ಣಾ?”

ಅವನು ಬಿಸಿಲಿನ ಮಾತು ತೆಗೆಯುವಷ್ಟರಲ್ಲಿ ಹುಲಿಗೆವ್ವ ಅಂದಳು: “ಮೂರು ಕಡೆ ಕೂಡತಾರ. ಶನಿವಾರ ಮುಂಜಾನೆ ಎದಿ ಹಿಡಕೊಂಡು ಬಂದ್ರು. ನಾ ನೋಡೀನಿ.”

ಅದೇ ವಾರ ದವಾಖಾನೆ. ಸಕ್ಕರೆ ಕಾಯಿಲೆ ಇರುವುದು ಮೊದಲ ದಿನವೇ ಗೊತ್ತಾಯಿತು. ಎದೆಯ ಒಂದು ರಕ್ತನಾಳ ಮುಕ್ಕಾಲು ಪಾಲು ಮುಚ್ಚಿತ್ತು. “ಇನ್ನಾರು ತಿಂಗಳು ಬಿಟ್ಟಿದ್ದರೆ ನೀವು ನಡೆದು ಬರುತ್ತಿರಲಿಲ್ಲ” ಎಂದರು ವೈದ್ಯರು. ರಕ್ತನಾಳವನ್ನು ತೆರೆದಿಡುವ ಒಂದು ಸಣ್ಣ ಜಾಲರಿಯನ್ನು ಒಳಗೆ ಕೂರಿಸಬೇಕಿತ್ತು. ಮುದಕಪ್ಪ ಅದರ ಮಾದರಿಯನ್ನು ಕೇಳಿ ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿದ. ಅಕ್ಕಿ ಕಾಳಿನಷ್ಟು ದಪ್ಪದ ಕೊಳವೆ, ಕೂದಲಿನಂಥ ತಂತಿ, ಒಂದಕ್ಕೊಂದು ಹೆಣೆದುಕೊಂಡದ್ದು.

“ಎಂಥ ಹೆಣಿಗಿ!” ಅಂದ. “ಬಿಗಿದಿಲ್ಲ ನೋಡು ಹುಲಿಗೀ. ಉಸಿರಾಡಾಕ ಜಾಗ ಬಿಟ್ಟಾರ.” ಅದನ್ನು ಕಣ್ಣಿಗೊತ್ತಿಕೊಂಡು ವಾಪಸ್ಸು ಕೊಟ್ಟ.

ಮುಂದಿನ ತಿಂಗಳುಗಳು ಸುಲಭದವಾಗಿರಲಿಲ್ಲ. ದವಡೆಯ ತಂಬಾಕು ಹೋಯಿತು. ಅದರ ಜಾಗದಲ್ಲಿ ಏಲಕ್ಕಿ ಬಂತು, ಏಲಕ್ಕಿಯ ಜೊತೆಗೆ ಹದಿನೈದು ದಿನದ ಸಿಟ್ಟೂ ಬಂತು. ದಿನಾ ಬೆಳಿಗ್ಗೆ ಇಬ್ಬರೂ ಕೆರೆಯ ಏರಿಯ ಮೇಲೆ ನಡೆದರು. ಹಾಸಿಗೆಯ ಮಾತಿಗೂ ವೈದ್ಯರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡೇ ಮಾತಾಡಿದರು. ಗುಳಿಗೆ ಇವೆ, ಆದರೆ ಎದೆನೋವಿನ ಕೆಲವು ಔಷಧದ ಜೊತೆ ಅವನ್ನು ತೆಗೆದುಕೊಂಡರೆ ಜೀವಕ್ಕೇ ಅಪಾಯ. ಕೇಳದೆ ಅಂಗಡಿಯಿಂದ ತಂದು ನುಂಗಬೇಡಿ. ಮೊದಲು ಎದೆ ಗಟ್ಟಿಯಾಗಲಿ, ಸಕ್ಕರೆ ಹತೋಟಿಗೆ ಬರಲಿ. ಅಲ್ಲಿಯ ತನಕ ಗೋಡೆಯ ಕಡೆ ಮಾತ್ರ ಹೊರಳಬೇಡಿ.

ಅವನು ಹೊರಳಲಿಲ್ಲ. ಸ್ವಲ್ಪ ದಿನ ಕೈ ಹಿಡಿದುಕೊಂಡು ಮಲಗಿದರು, ಹೊಸದಾಗಿ ಮದುವೆಯಾದವರಂತೆ ಅಲ್ಲ, ಜಾತ್ರೆಯಲ್ಲಿ ತಪ್ಪಿಸಿಕೊಂಡು ಸಿಕ್ಕವರಂತೆ. ಮುಂದೆ ಏನಾಯಿತೋ ಅದು ಅವರಿಬ್ಬರದು. ಕೆಲವು ಸಲ ಮೈ ಬಂತು, ಕೆಲವು ಸಲ ಬರಲಿಲ್ಲ. ಬಾರದ ದಿನ ಹುಲಿಗೆವ್ವ, “ಹೋಗಲಿ, ಹೋರಿನ್ನ ಕರಕೊಂಡು ಬರಲೇನು?” ಎಂದು ಕೇಳಿ ಅವನ ಹೊಟ್ಟೆಗೆ ಚಿವುಟುತ್ತಿದ್ದಳು. ಅವನು ನಗುತ್ತಿದ್ದ. ಸೋಲು ಎಂಬ ಪದ ಆ ಮನೆಯಲ್ಲಿ ಮತ್ತೆ ಹುಟ್ಟಲಿಲ್ಲ.

ಇತ್ತ ಪ್ರಯೋಗಶಾಲೆಯಲ್ಲಿ ನಸೀಮಾಳಿಗೆ ಬೇರೆಯೇ ಚಿಂತೆ. ಇಪ್ಪತ್ತರಲ್ಲಿ ಆರು ಜನ ದಾರ ಹಿಂತಿರುಗಿಸಿರಲಿಲ್ಲ. ಒಬ್ಬ ಹೊಳೆಗೆ ಬಿತ್ತು ಅಂದ, ಒಬ್ಬ ಇಲಿ ತಿಂತು ಅಂದ. “ದಾರ ಸರಿಯಾಗಿ ಹೇಳತೈತಿ ಅಣ್ಣಾ. ಕೇಳೋ ಮನುಷ್ಯಾನೇ ಓಡಿ ಹೋಗತಾನ. ಏನು ಮಾಡೂದು?”

ಮುದಕಪ್ಪ ಏಲಕ್ಕಿ ಜಗಿಯುತ್ತ ಯೋಚಿಸಿದ. ಬಚ್ಚಲ ಬಾಗಿಲು ಹಾಕಿಕೊಂಡು ಒಬ್ಬನೇ ಬೂದಿ ನೋಡಿದ ಆ ಹೊತ್ತು ನೆನಪಾಯಿತು. ತಪ್ಪು ಬಣ್ಣದಲ್ಲಿ ಇರಲಿಲ್ಲ, ಬಾಗಿಲಲ್ಲಿ ಇತ್ತು.

“ಗಂಟು ನಾ ತಪ್ಪಾಗಿ ಹಾಕೀನವ್ವಾ,” ಅಂದ. “ಒಬ್ಬನೇ ಬಿಚ್ಚೂವಂಗ ಹಾಕೀನಿ.”

ಎಂಟು ದಿನ ಕಟ್ಟೆಯ ಮೇಲೆ ಕೂತು ಹೊಸ ಗಂಟು ಹೆಣೆದ. ಅದರ ಎರಡು ಕುಣಿಕೆಯನ್ನು ಕಟ್ಟಿಕೊಂಡವನು ಎರಡೂ ಕೈಯಿಂದ ಒತ್ತಿ ಹಿಡಿಯಬೇಕು. ಅದೇ ಹೊತ್ತಿಗೆ ಇನ್ನೊಬ್ಬರು ಎದುರು ಕೂತು ಎರಡು ತುದಿಯನ್ನು ಒಟ್ಟಿಗೆ ಜಗ್ಗಬೇಕು. ಆಗ ಮಾತ್ರ ಗಂಟು ಬಾಯಿ ಬಿಡುತ್ತದೆ, ಆಗ ಮಾತ್ರ ಬಣ್ಣ ಕಾಣುತ್ತದೆ. ಎರಡು ಕೈಗೆ ಅದು ಬಗ್ಗುವುದಿಲ್ಲ. ಹೆಂಡತಿ ಇದ್ದವನಿಗೆ ಹೆಂಡತಿ. ಇಲ್ಲದವನಿಗೆ ಗೆಳೆಯನೋ ಅಣ್ಣನೋ, ನಂಬಿಕೆಯ ಒಂದು ಜೀವ. ಬಣ್ಣ ಯಾವುದೇ ಇರಲಿ, ನೋಡುವಾಗ ಎದುರಿಗೆ ಒಬ್ಬರು ಇರುತ್ತಾರೆ. ಹೆಣೆದು ಮುಗಿಸಿ ಎರಡನೆಯ ‘ಶಿವಾ’ ಅನ್ನುವಾಗ ಮುದಕಪ್ಪನಿಗೆ ಲಿಂಗದ ಮುಖ ನೋಡಲು ಮತ್ತೆ ಧೈರ್ಯ ಬಂದಿತ್ತು.

ಆ ಗಂಟಿನ ಮೊದಲ ದಾರವನ್ನು ಹುಲಿಗೆವ್ವನೇ ಅವನ ಸೊಂಟಕ್ಕೆ ಕಟ್ಟಿದಳು. ತಿಂಗಳು ತುಂಬಿದ ಶನಿವಾರ, ಬೆಳಗಿನ ಬಿಸಿಲು ಪಡಸಾಲೆಗೆ ಬಿದ್ದ ಹೊತ್ತಿಗೆ, ಅವನು ಗೋಡೆಗೆ ಬೆನ್ನು ಮಾಡಿ ನಿಂತ. ಅಂಗಿ ಮೇಲೆತ್ತಿ ಗದ್ದದಡಿ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಕುಣಿಕೆ ಒತ್ತಿ ಹಿಡಿದ. ಅವಳು ಮಣೆಯ ಮೇಲೆ ಕೂತು ತುದಿಗಳನ್ನು ಜಗ್ಗಿದಳು. ಗಂಟು ಬಾಯಿ ಬಿಟ್ಟಿತು.

ಅಂಗಿ ಗದ್ದದಡಿ ಇದ್ದುದರಿಂದ ಅವನಿಗೆ ಕೆಳಗೆ ನೋಡಲು ಬರುವಂತಿರಲಿಲ್ಲ. ಎದೆ ಬಡಿದುಕೊಂಡಿತು, ಈಗ ಅದು ಸರಿಯಾಗಿ ಬಡಿಯುತ್ತಿತ್ತು.

“ಯಾವ ಬಣ್ಣ?”

ಹುಲಿಗೆವ್ವ ಬಗ್ಗಿ ನೋಡಿದಳು. ಇನ್ನಷ್ಟು ಹತ್ತಿರ ಬಂದಳು. ಅವಳ ಉಸಿರು ಅವನ ಹೊಟ್ಟೆಗೆ ತಾಗಿತು.

“ಹೇಳು ಹುಲಿಗೀ, ಹಸರೋ ಬೂದಿಯೋ?”

“ತಡೀರಿ,” ಅಂದಳು, ಅವಸರವಿಲ್ಲದೆ ಮಣೆಯಿಂದ ಏಳುತ್ತ. “ಕಣ್ಣಿಗೆ ಸರಿ ಕಾಣೂದಿಲ್ಲ, ಚಾಳೀಸು ತರತೀನಿ. ಗಂಟು ಬಿಡಬ್ಯಾಡ್ರಿ ಮತ್ತ.”

ಅವನು ಬಿಡಲಿಲ್ಲ. ಬಿಸಿಲಿನಲ್ಲಿ ಅಂಗಿ ಗದ್ದದಡಿ ಹಿಡಿದುಕೊಂಡು, ಎರಡೂ ಕೈ ಸೊಂಟದ ಮೇಲಿಟ್ಟು, ಒಳಮನೆಯಲ್ಲಿ ಅವಳು ಗೋಡೆಯ ಒಂದೊಂದೇ ಮಾಡ ತಡಕುವ ಸದ್ದು ಕೇಳುತ್ತ, ಅವಳು ಬರುವ ತನಕ ನಿಂತೇ ಇದ್ದ.